ಬೇಸಿಗೆ ಕಾರ್ಡಿನ ನಾಲ್ಕು ಅಂಕಿ

ಕುತ್ತಿಗೆಯ ಹಿಂದೆ ತಣ್ಣನೆಯ ಗಾಳಿ, ಈ ಅಂಗಡಿಯ ಏಸಿಗೆ ದೇವರು ನೂರು ವರ್ಷ ಆಯುಸ್ಸು ಕೊಡಲಿ, ಹೊರಗೆ ಟಾರಿನ ಮೇಲೆ ರೊಟ್ಟಿ ಬೇಯಿಸಬಹುದು, ಇಲ್ಲಿ ನನ್ನ ತೋಳಿನ ರೋಮ ನೆಟ್ಟಗೆ ನಿಂತಿದೆ, ಸಾಲಿನಲ್ಲಿ ಮೂರನೆಯವಳು ನಾನು, ಅವಸರವೇನೂ ಇಲ್ಲ, ತಳ್ಳುಗಾಡಿ ತುಂಬಿದೆ — ಹಾಲು, ಮೊಟ್ಟೆ, ಪಿಂಟೊ ಕಾಳು, ತೊರ್ತಿಯಾ ರೊಟ್ಟಿಗೆ ಮೆಕ್ಕೆಜೋಳದ ಹಿಟ್ಟು, ಮಗುವಿನ ಹಾಗೆ ಮಡಿಲಲ್ಲಿ ಎತ್ತಿ ತಂದು ಕೂರಿಸಿದ ಕಲ್ಲಂಗಡಿ, ಮೇಲೆ ಪೀಚ್ ಹಣ್ಣು, ಒಂದೊಂದನ್ನೂ ಮೂಗಿಗೆ ಹಿಡಿದು ಆರಿಸಿದ್ದೇನೆ, ನೋಡಿದವರು ದೆಲ್ಫೀನಾಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು, ಅಂದುಕೊಳ್ಳಲಿ, ಹನ್ನೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಡಬ್ಬಿಯ ಪೀಚ್ ಬಡಿಸಿದವಳು ನಾನು, ಸಕ್ಕರೆ ನೀರಲ್ಲಿ ತೇಲುವ ಹಳದಿ ಚೂರುಗಳು, ತಲೆಗೆ ಅರ್ಧ ಲೋಟ, ಅರ್ಧ ಅಂದರೆ ಅರ್ಧವೇ, ಮಿಸ್ ಇನ್ನೊಂಚೂರು ಹಾಕಿ ಮಿಸ್, ಆಗಲ್ಲ ಕಂದಾ, ಹಿಂದೆ ಎಷ್ಟು ಜನ ಇದಾರೆ ನೋಡು, ಹಾಗನ್ನುವಾಗ ಪ್ರತಿಸಲವೂ ನನಗೆ ಸಂಕಟ. ಇವತ್ತು ನಾನು ಯಾರಿಗೂ ಇಲ್ಲ ಅನ್ನುವುದಿಲ್ಲ, ಇವತ್ತು ರಾತ್ರಿ ನನ್ನ ಮಗ ಬೆತೊ ಎರಡು ಸಲ, ಮೂರು ಸಲ ಹಾಕಿಸಿಕೊಳ್ಳಲಿ, ಹೊಟ್ಟೆ ತಮಟೆಯಾಗಲಿ, ಮಗಳು ಅರಾಸೆಲಿ ಪೀಚ್ ಕಚ್ಚಿ ರಸ ಮೊಣಕೈವರೆಗೆ ಇಳಿಸಿಕೊಳ್ಳಲಿ, ಬಟ್ಟೆ ಹಾಳಾದರೆ ಒಗೆದರಾಯಿತು.

ಮೇ ತಿಂಗಳು ಮುಗಿಯುತ್ತಿದ್ದಂತೆ ಶಾಲೆಗೆ ಬೀಗ, ಮಕ್ಕಳ ಊಟಕ್ಕೂ ಬೀಗ, ನನ್ನ ಸಂಬಳಕ್ಕೂ ಬೀಗ, ಅದಕ್ಕೇ ಈ ಕಾರ್ಡು, ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಬೇಸಿಗೆಯ ದಿನಸಿಗೆಂದು ಸರ್ಕಾರ ಕಳಿಸುವುದು, ಕಳಿಸುವುದಾದರೂ ಹೇಗೆ, ಮದುವೆ ಕರೆಯೋಲೆಯಂತೆ ಕಳಿಸಬಾರದೇ, ಯಾವುದೋ ಬಿಳಿ ಲಕೋಟೆ, ಯಾವುದೋ ದೂರದ ಊರಿನ ವಿಳಾಸ, ಸಾಲ ಕೊಡುತ್ತೇವೆಂದು ಪೀಡಿಸುವ ಬ್ಯಾಂಕಿನದಿರಬೇಕು ಎಂದು ಕತ್ತರಿಯಿಂದ ಕಚಕಚ ಕತ್ತರಿಸಿ ಕಸಕ್ಕೆ ಹಾಕಿದೆ, ಆಮೇಲೆ ಅಂಗಳದಲ್ಲಿ ಕಸದ ಡಬ್ಬ ಬೋರಲು ಹಾಕಿ, ಕಾಫಿ ಚರಟದಲ್ಲಿ ಕೈಯಿಟ್ಟು ಚೂರು ಹುಡುಕುವಾಗ ಅರಾಸೆಲಿ ಬಾಗಿಲಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು, ಅಮ್ಮಾ, ಸರ್ಕಾರಾನ ಬಿಸ್ಕತ್ ಥರ ತುಂಡು ಮಾಡಿದೀಯಲ್ಲೇ! ಮತ್ತೆ ಫೋನು, ಮತ್ತೆ ಅರ್ಜಿ, ಹದಿನೆಂಟು ದಿನ ಕಾಳು, ಬರೀ ಕಾಳು, ನಿನ್ನೆ ಹೊಸ ಕಾರ್ಡು ಬಂತು, ಫೋನಿನೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಅದನ್ನು ಒತ್ತಿ ಇದನ್ನು ಒತ್ತಿ ಎನ್ನುತ್ತಿದ್ದಂತೆ ನಾನು ಫೋನನ್ನೇ ಮಗಳ ಕೈಗೆ ತುರುಕಿದೆ, ಎಲ್ಲ ಅವಳೇ ಮಾಡಿದಳು, ಆಯ್ತು ಅಮ್ಮಾ ಅಂದಳು, ಎಷ್ಟು ಜಾಣೆ ನನ್ನ ಮಗಳು, ಜಾಣೆ, ಆದರೆ ಹೊರಗೆ ಟ್ರಕ್ಕಿನಲ್ಲಿ ಕೂತಿದ್ದಾಳೆ, ಕಿಟಕಿ ಇಳಿಸಿ, ಕಾಲೆತ್ತಿ ಮುಂದಕ್ಕಿಟ್ಟು, ಗಾಜಿನಾಚೆ ಇಲ್ಲಿಂದಲೇ ಕಾಣುತ್ತಿದೆ ಅವಳ ಮೊಣಕಾಲು. ಕಾರ್ಡಿನ ದಿನ ನಾನು ಒಳಗೆ ಬರಲ್ಲ ಅಂತ ಅವಳ ಹಟ. ಹೋದ ಬೇಸಿಗೆಯಲ್ಲಿ ನನ್ನದೇ ತಪ್ಪು, ಕೋಳಿ ಸುಡುವ ವಾಸನೆ ಮೂಗಿಗೆ ಬಿತ್ತು, ಬಿಸಿಬಿಸಿ ಕೋಳಿ ಎತ್ತಿ ಗಾಡಿಗೆ ಹಾಕಿದೆ, ಗಲ್ಲಾದಲ್ಲಿದ್ದ ಹುಡುಗಿ ಇಡೀ ಅಂಗಡಿಗೆ ಕೇಳುವಂತೆ, ಮೇಡಂ, ಈ ಕಾರ್ಡಿಗೆ ಬಿಸಿ ಊಟ ಬರಲ್ಲ, ಬರೀ ದಿನಸಿ, ಅರಾಸೆಲಿ ಕಿವಿಯ ತುದಿವರೆಗೂ ಕೆಂಪಾದಳು, ಹತ್ತು ವರ್ಷದ ಮಗು. ಒತ್ತಾಯ ಮಾಡುವುದಿಲ್ಲ ನಾನು, ಮಾಡಬಾರದು, ಆದರೂ ಅವಳೇ ಆರಿಸಲಿ ಅಂತ ಆಸೆ, ಈ ಪೀಚಿನ ರಾಶಿಯ ಮುಂದೆ ಅವಳು ತಲೆಯೆತ್ತಿ ನಿಲ್ಲಬೇಕು, ಇದು ನನಗೆ ಎಂದು ಬಂದದ್ದು ಎಂದು ನಿಲ್ಲಬೇಕು, ಇಷ್ಟೇ ನನಗೆ ಬೇಕಾದದ್ದು, ಆಗಸ್ಟಿನಲ್ಲಿ ಅವಳು ದೊಡ್ಡ ಶಾಲೆಗೆ ಹೋಗುತ್ತಾಳೆ, ನಾನು ಬಡಿಸುವ ಕಡೆಗೆ ಇನ್ನು ಬರುವುದಿಲ್ಲ.

ಮಿಸ್ ದೆಲ್ಫಿ! ಹಿಂದಿನಿಂದ ಯಾರೋ ಅಂಗಿ ಎಳೆಯುತ್ತಿದ್ದಾರೆ, ಎರಡನೇ ಕ್ಲಾಸಿನ ಹಲ್ಲು ಬಿದ್ದ ಪುಟಾಣಿ, ಜೊತೆಯಲ್ಲಿ ಅದರ ಅಕ್ಕ, ಅಯ್ಯೋ, ಯಾರೆಲಿ ಅಂತ ಆ ಹುಡುಗಿಯ ಹೆಸರು, ಅರಾಸೆಲಿಯದೇ ಕ್ಲಾಸು, ಅವರ ತಾಯಿ ಈರುಳ್ಳಿ ತರಲು ಹೋಗಿದ್ದಾಳಂತೆ, ಮಿಸ್, ನೀವೂ ಊಟ ಮಾಡ್ತೀರಾ? ಮಾಡ್ತೀನಿ ಚಿನ್ನಾ, ನೋಡಿದ್ರೆ ಗೊತ್ತಾಗಲ್ವಾ ಎಂದು ಸೊಂಟ ತಟ್ಟಿಕೊಂಡೆ, ಪುಟಾಣಿ ಬಿದ್ದು ಬಿದ್ದು ನಗುತ್ತಿದೆ, ನಾನು ಅಡುಗೆಮನೆಯಲ್ಲೇ ಮಲಗುತ್ತೇನೆ ಎಂದುಕೊಂಡಿತ್ತೋ ಏನೋ. ಗಲ್ಲಾದಲ್ಲಿ ಇವತ್ತು ಮುದುಕ ಎವರಿಸ್ತೊ, ಏನ್ ದೆಲ್ಫೀನಾ, ಕಲ್ಲಂಗಡಿಗೂ ಸೀಟ್ ಬೆಲ್ಟ್ ಹಾಕಬೇಕಾ? ಹಾಕಿ, ನಿಮಗಿಂತ ಬೆಲೆಬಾಳೋದು ಅದು, ಪಿಕ್ ಪಿಕ್ ಎಂದು ಎಲ್ಲವೂ ದಾಟಿದವು, ಒಂದೂ ಬಿಸಿಯದಲ್ಲ, ನೋಡಿಕೊಂಡಿದ್ದೇನೆ, ಕಾರ್ಡು ತೂರಿಸಿದೆ, ಯಂತ್ರ ನಾಲ್ಕು ಅಂಕಿ ಕೇಳುತ್ತಿದೆ — ನಾಲ್ಕು ಅಂಕಿ. ನಿನ್ನೆ ಫೋನಿನಲ್ಲಿ ಮಗಳು ಇಟ್ಟದ್ದು ಯಾವುದು? ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ, ಆಯ್ತು ಅಮ್ಮಾ ಅಂದಳಷ್ಟೇ. ಅವಳು ಹುಟ್ಟಿದ ದಿನ ಇರಬೇಕು, ಒತ್ತಿದೆ, ಕೆಂಪು ದೀಪ. ಬೆತೊ ಹುಟ್ಟಿದ ದಿನ, ಒತ್ತಿದೆ, ಕೆಂಪು. ನಿಧಾನ ಕಣಮ್ಮಾ, ಇನ್ನೊಂದ್ಸಲ ತಪ್ಪಿದ್ರೆ ನಾಳೆವರೆಗೂ ತೆಗೆಯಲ್ಲ ಅದು, ಮಗಳನ್ನ ಕರೀಬಾರದಾ, ಅಲ್ಲೇ ಕೂತಿದಾಳಲ್ಲ, ಅನ್ನುತ್ತಾನೆ ಎವರಿಸ್ತೊ. ಕರೆಯುವುದಿಲ್ಲ. ಯಾರೆಲಿಯ ಎದುರಿಗೆ ಕರೆಯುವುದಿಲ್ಲ, ಬೇಕಾದರೆ ಎಲ್ಲವನ್ನೂ ವಾಪಸ್ ಇಡುತ್ತೇನೆ, ಹದಿನೆಂಟು ದಿನ ಕಾಳು ತಿಂದವರಿಗೆ ಇನ್ನೊಂದು ದಿನ ಕಾಳು ಕಹಿಯೇ, ಪೀಚ್ ನಾಳೆಯೂ ಇರುತ್ತದೆ, ಈ ಪೀಚ್ ಇರುವುದಿಲ್ಲ, ಇರಲಿ — ಟ್ರಕ್ಕಿನ ಕಿಟಕಿಯಲ್ಲಿ ಮೊಣಕಾಲಿಲ್ಲ. ಬಾಗಿಲು ಸರಿಯಿತು, ಬಿಸಿಗಾಳಿ ನುಗ್ಗಿತು, ಅದರ ಜೊತೆಗೇ ಅವಳು, ಚಪ್ಪಲಿ ಎಳೆಯುತ್ತಾ, ಗದ್ದ ಎದೆಗೊತ್ತಿಕೊಂಡು, ಯಾರೆಲಿಯನ್ನು ಕಂಡಳು, ಹೆಜ್ಜೆ ನಿಂತಿತು, ಬೇಡ ಮಗಳೇ ವಾಪಸ್ ಹೋಗು ಎಂದು ನನ್ನ ಒಳಗೆಲ್ಲ ಕೂಗುತ್ತಿದೆ, ಅವಳು ಬಂದಳು, ನಂಬರ್ ಹೇಳೋದು ಮರ್ತೇ ಹೋಯ್ತು ಅಮ್ಮಾ, ಸ್ವಲ್ಪ ಆಚೆ ಸರಿ.

ಅವಳ ಬೆರಳು, ಹಸಿರು ಬಣ್ಣ ಅರ್ಧ ಉದುರಿದ ಉಗುರು, ಕೆಳಗೆ, ಕೆಳಗೆ, ಪಕ್ಕಕ್ಕೆ, ಮೇಲೆ, ನೋಡದೆಯೇ ಒತ್ತುತ್ತದೆ — ಇದನ್ನು ನಾನು ಎಲ್ಲಿ ನೋಡಿದ್ದೇನೆ, ಎಲ್ಲಿ ಎನ್ನುವುದೇನು, ದಿನಾ ನೋಡಿದ್ದೇನೆ, ಶಾಲೆಯಲ್ಲಿ ಊಟದ ಸಾಲಿನ ಕೊನೆಯಲ್ಲಿ ಪ್ರತಿ ಮಗುವೂ ತನ್ನ ಊಟದ ನಂಬರ್ ಒತ್ತಿ ಮುಂದೆ ಹೋಗಬೇಕು, ಆರು ವರ್ಷ, ಮೊದಲು ತುದಿಗಾಲಲ್ಲಿ ನಿಂತು, ಆಮೇಲೆ ತಟ್ಟೆಯನ್ನು ಸೊಂಟಕ್ಕೊತ್ತಿಕೊಂಡು, ನಾನು ಸೌಟು ಹಿಡಿದು ಇತ್ತ ಕಡೆಯಿಂದ ಆ ಬೆರಳನ್ನೇ ನೋಡುತ್ತಿದ್ದೆ, ಅಂಕಿ ಗೊತ್ತಿಲ್ಲ, ಬೆರಳು ಗೊತ್ತು, ಹಸಿರು ದೀಪ! ಏ, ನೀನೂ ಊಟದ ನಂಬರ್ರೇ ಇಟ್ಟಿದೀಯಾ, ಯಾರೆಲಿ ಅಂದದ್ದು, ನಮ್ ಕಾರ್ಡಿಗೂ ನಾನು ಅದನ್ನೇ ಇಟ್ಟಿರೋದು, ನಮ್ಮಮ್ಮಂಗೆ ಇನ್ನೂ ಹೇಳೇ ಇಲ್ಲ! ನಿಮ್ಗೂ ಕಾರ್ಡ್ ಇದ್ಯಾ? ನನ್ನ ಮಗಳು ಕೇಳಿದ್ದು, ಮತ್ತೆ ಇಲ್ವಾ, ಅರಾಸೆಲಿಯ ಗದ್ದ ಎದೆಯಿಂದ ಮೇಲೆದ್ದಿತು, ಇಬ್ಬರೂ ಕಿಸಕ್ಕನೆ ನಕ್ಕರು, ನಂಬರ್‌ನ ಊರಿಗೆಲ್ಲ ಸಾರಬೇಡ್ರೇ ಹುಡುಗೀರಾ ಎಂದು ಎವರಿಸ್ತೊ ಗದರುತ್ತಿದ್ದಾನೆ, ಅವಕ್ಕೆ ಲಕ್ಷ್ಯವೇ ಇಲ್ಲ, ನಿಂದು ಹೇಗೆ ಹೋಗತ್ತೆ, ನೋಡು ನಂದು ಹೀಗೆ, ಗಾಳಿಯಲ್ಲೇ ಒತ್ತಿ ತೋರಿಸುತ್ತಿದ್ದಾರೆ, ನನ್ನ ಕಣ್ಣಲ್ಲಿ ನೀರು, ಖುಷಿಗೆ, ಬರೀ ಖುಷಿಗೆ, ರಸೀದಿ ತಗೋ ದೆಲ್ಫೀನಾ, ತಗೊಳ್ಳುತ್ತೇನೆ, ಗಾಡಿ ತಳ್ಳಬೇಕು, ತಳ್ಳುತ್ತೇನೆ ಇರಿ, ಆ ಎರಡು ಬೆರಳು, ಗಾಳಿಯಲ್ಲಿ, ಕೆಳಗೆ, ಕೆಳಗೆ, ಪಕ್ಕಕ್ಕೆ, ಮೇಲೆ, ಎರಡು ಬೆರಳು —