ಬಿಟ್ಟುಹೋದ ‘ಪ್ಪ’

ಬೆಳಿಗ್ಗೆ ರೇಷ್ಮೆಹುಳುವಿಗೆ ಸೊಪ್ಪು ಹಾಕಿ, ಕೈಕಾಲು ತೊಳೆದು, ಮುನಿಗಂಗಪ್ಪನವರು ಮಗ ಬೊಂಬಾಯಿಂದ ತಂದ ಹೊಸ ಪಂಚೆ ಉಟ್ಟುಕೊಂಡರು. ಅವತ್ತು ಊರಿನ ಹೊಸ ಸ್ಕೂಲಿನ ಪ್ರಾರಂಭ. ಅದಕ್ಕೆ ತಮ್ಮ ಹಿಪ್ಪುನೇರಳೆ ತೋಟದಲ್ಲಿ ಅರ್ಧ ಬಿಟ್ಟುಕೊಟ್ಟವರು ಅವರೇ. ಹೆಸರು ಕೆತ್ತಿದ ಕಲ್ಲಿನ ಪರದೆ ಎಳೆಯುವವನು ಅವರ ಮಗ ಆವುಲಪ್ಪ. ದಿಬ್ಬೂರಹಳ್ಳಿಯಲ್ಲಿ ಬಸ್ಸಿಳಿದು ನಡೆದು ಬರಬೇಕಾದ ಈ ಪುಟ್ಟ ಊರಿನ, ಊರಾಚೆಯ ಕೇರಿಯಲ್ಲಿ ಹುಟ್ಟಿ ರಿಸರ್ವ್ ಬ್ಯಾಂಕಿನ ಹಿರಿಯ ವಕೀಲನಾದವನು.

ಆವುಲಪ್ಪ ಎನ್ನುವುದು ಮನೆಯವರು ಕರೆಯುವ ಹೆಸರು. ಸ್ಕೂಲಿಗೆ ಸೇರಿದ ದಿನ ಮೇಷ್ಟ್ರು, “ನಿನ್ನ ಹೆಸರಿಗ್ಯಾವ ‘ಅಪ್ಪ’ನೋ!” ಎಂದು ನಕ್ಕು, ಬರೀ ‘ಆವುಲ’ ಎಂದು ಬರೆದುಕೊಂಡಿದ್ದರು. ಆ ಮೊಟಕು ಹೆಸರೇ ಚಿಂತಾಮಣಿಯ ಹೈಸ್ಕೂಲಿಗೆ, ಬೆಂಗಳೂರಿನ ಲಾ ಕಾಲೇಜಿಗೆ, ಕಡೆಗೆ ಬೊಂಬಾಯಿಗೂ ಬೆನ್ನುಹತ್ತಿ ಬಂತು. ಅಲ್ಲಿ ಬೇರೆಯೇ ತಮಾಷೆ. ಬ್ಯಾಂಕಿನ ತೆಲುಗರು ಅದನ್ನು ಯಾವುದೋ ಜಮೀನ್ದಾರರ ಮನೆತನದ ಹೆಸರೆಂದುಕೊಂಡು, “ಆವುಲಗಾರೂ, ಮೀದಿ ಏ ಊರಂಡಿ?” ಎಂದು ಊರು ಕೇಳಿ ಕೈ ಕುಲುಕುತ್ತಿದ್ದರು. ಕರಾರಿನಲ್ಲಿ ಒಂದು ಪದ ಆಚೀಚೆಯಾದರೂ ‘ಮಿಸ್ಟರ್ ಆವುಲ’ ಅದನ್ನು ವಾಪಸು ಕಳಿಸುವವನೇ. ಎಷ್ಟೇ ದೊಡ್ಡವರು ಹೇಳಲಿ, ಮನಸ್ಸೊಪ್ಪದ ಕಾಗದಕ್ಕೆ ರುಜು ಇಲ್ಲ. ಅಂಥವನಿಗೆ ಸ್ವಂತ ಹೆಸರು ತಿದ್ದಿಸಿಕೊಳ್ಳುವುದು ಒಂದು ಅಫಿಡವಿಟ್ಟಿನ ಕೆಲಸ. ಆದರೆ ಊರು ಅಪ್ಪನನ್ನು ಇನ್ನೂ ‘ಲೇ ಗಂಗ’ ಎನ್ನುತ್ತಿರುವಾಗ ತನಗೊಬ್ಬನಿಗೆ ಆ ‘ಪ್ಪ’ ಬೇಡವೆಂಬ ಹಟ.

ಶಾಮಿಯಾನ ಆಗಲೇ ತುಂಬಿತ್ತು. ಪಂಚಾಯ್ತಿ ಛೇರ್ಮನ್ ವೆಂಕಟರಾಮಪ್ಪ ಮೊಮ್ಮಗನನ್ನು ಸೊಂಟದ ಮೇಲಿಟ್ಟುಕೊಂಡೇ ಓಡಾಡುತ್ತಿದ್ದರು. ಆವುಲಪ್ಪನಿಗೆ ಓದದೆ ಯಾವುದಕ್ಕೂ ಕೈಹಾಕುವ ಅಭ್ಯಾಸವಿಲ್ಲ. ನೇರವಾಗಿ ಕಲ್ಲಿನ ಹತ್ತಿರ ಹೋಗಿ ಪರದೆಯ ಅಂಚೆತ್ತಿ ನೋಡಿದ. ಪ್ರಾರಂಭಿಸಿದವರು: ಶ್ರೀ ಆವುಲಪ್ಪನವರು, ರಿಸರ್ವ್ ಬ್ಯಾಂಕ್. ಅಧ್ಯಕ್ಷರು: ಶ್ರೀ ವೆಂಕಟರಾಮಪ್ಪನವರು. ಸ್ಥಳ ದಾನ: ಮುನಿಗಂಗ.

ಅವನಿಗೆ ಮೈಯೆಲ್ಲ ಉರಿದುಹೋಯಿತು.

“ಛೇರ್ಮನ್ರೇ, ಅಪ್ಪನ ಹೆಸರಲ್ಲಿ ಒಂದಕ್ಷರ ಬಿಟ್ಟುಹೋಗಿದೆ.”

“ನಿಮ್ಮ ಹೆಸರಿಗೆ ಹಾಕ್ಸಿದೀವಲ್ಲ ಸಾರ್!” ವೆಂಕಟರಾಮಪ್ಪನವರಿಗೆ ನಿಜವಾಗಿಯೂ ಆಶ್ಚರ್ಯ. “ಅವ್ನನ್ನ ಮೊದ್ಲಿಂದ ಹಂಗೇ ಕರೆಯೋದು. ಅವ್ನೂ ಓ ಅಂತಾನೆ. ನಮ್ಮನಮ್ಮಲ್ಲಿ ಯಾವ ಬೇಜಾರೂ ಇಲ್ಲ.”

“ನಿಮಗಿಲ್ಲ.”

ಸೊಂಟದ ಮೇಲಿದ್ದ ಮಗು ಕೊಸರಾಡಿ ಅಳತೊಡಗಿತು. “ಸುಮ್ನಿರಪ್ಪ, ನಮ್ಮಪ್ಪ ಅಲ್ವಾ ನೀನು,” ಎಂದು ಅಜ್ಜ ಬೆನ್ನು ತಟ್ಟಿದರು.

“ಕೇಳಿದ್ರಾ?” ಎಂದ ಆವುಲಪ್ಪ. “ಚಡ್ಡಿ ಹಾಕೋಕೆ ಬರದ ಕೂಸೂ ನಿಮ್ಮ ಬಾಯಲ್ಲಿ ಅಪ್ಪ. ಇಡೀ ಊರಿಗೆ ಜಾಗ ಕೊಟ್ಟ ನಮ್ಮಪ್ಪ ಮಾತ್ರ ಗಂಗ.”

ಮುನಿಗಂಗಪ್ಪನವರು ಗಾಬರಿಯಿಂದ ಬಂದು ಮಗನ ತೋಳು ಹಿಡಿದರು. “ಬ್ಯಾಡ ಕಣಪ್ಪ ಆವುಲಪ್ಪ. ನಾಳೆ ನೀನು ಬೊಂಬಾಯಿಗೆ ಹೊಂಟೋಗ್ತೀಯ. ನಾವು ಇವರ ಮಧ್ಯೆನೇ ಬಾಳ್ಬೇಕು.”

“ಅದಕ್ಕೇ ಹೇಳ್ತಿರೋದು ಅಪ್ಪ. ಇಲ್ಲಿ ಬಾಳೋನು ನೀನು. ಈ ಹೆಸರು ಬೇಕಾಗಿರೋದು ನಿನಗೆ.”

“ಒಂದಕ್ಷರ ತಾನೆ ಸಾರ್,” ವೆಂಕಟರಾಮಪ್ಪ ದನಿ ತಗ್ಗಿಸಿದರು. “ಅದ್ರಿಂದ ಏನು ಹೋಗುತ್ತೆ?”

“ಏನೂ ಹೋಗಲ್ಲ ಅಂದ್ರೆ ಕೆತ್ತಿಸಿ. ಕೊಟ್ಟ ಜಾಗ ನಾವು ವಾಪಸ್ ಕೇಳಲ್ಲ, ಸ್ಕೂಲು ನಡೀಲಿ. ಆದ್ರೆ ಈ ಕಲ್ಲಿನ ಪರದೆ ನಾನು ಎಳೆಯಲ್ಲ.”

ಹೀಗೆಂದವನೇ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತುಬಿಟ್ಟ. ಗುಸುಗುಸು ಎದ್ದಿತು. “ಓದಿದ ಕೊಬ್ಬು,” ಎಂದು ಯಾರೋ ಅಂದರು. ಅವನು ಆ ಕಡೆ ತಿರುಗಿಯೂ ನೋಡಲಿಲ್ಲ. ವೆಂಕಟರಾಮಪ್ಪ ಅತ್ತಿತ್ತ ತಿರುಗಾಡಿದರು, ಮೊಮ್ಮಗನ ಮುಖ ನೋಡಿದರು. ಕಡೆಗೆ ಕಲ್ಲುಕುಟಿಗ ಕೋನಪ್ಪನನ್ನು ಕರೆದು, “ಉಳಿ ತಗಂಡು ಬಾರಪ್ಪ,” ಎಂದರು.

ಒಂದು ‘ಪ’, ಅದರ ಕೆಳಗೊಂದು ಒತ್ತು. ಕೋನಪ್ಪ ಕೆತ್ತಿ ಮುಗಿಸಿ ಪುಡಿ ಊದಿದ. ಆವುಲಪ್ಪ ಎದ್ದು ಓದಿದ. “ಈಗ ಸರಿಯಾಯ್ತು. ಆದ್ರೆ ಪರದೆ ಜಾಗ ಕೊಟ್ಟೋರೇ ಎಳೀಲಿ. ಕರೀರಿ ಅವರನ್ನ.”

ವೆಂಕಟರಾಮಪ್ಪ ಮೆಲ್ಲಗೆ ಕರೆದರು. “ಮುನಿಗಂಗಪ್ಪನೋರೇ... ಬನ್ನಿ.”

ಮತ್ತೆ ಹೋಗಿ ಕಡೇ ಸಾಲಿನಲ್ಲಿ ನಿಂತಿದ್ದ ಮುನಿಗಂಗಪ್ಪನವರು, ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಹಿಂತಿರುಗಿ ನೋಡಿದರು. ಆವುಲಪ್ಪನಿಗೆ ಕಣ್ಣು ತುಂಬಿ ಬಂತು. ನೀವೇ ಕರೆಯಿರಿ ಎನ್ನುವಂತೆ ವೆಂಕಟರಾಮಪ್ಪ ಅವನ ಕಡೆ ನೋಡಿದರು.

“ನಾನು ಕರೆಯಲ್ಲ,” ಎಂದ. “ನಿಮ್ಮ ಬಾಯಲ್ಲಿ ಈ ಹೆಸರು ಕೇಳಿ ಅವರಿಗೆ ಅಭ್ಯಾಸ ಇಲ್ಲ. ಇನ್ನೊಂದ್ಸಲ ಕೂಗಿ, ಜೋರಾಗಿ.”

“ಮುನಿಗಂಗಪ್ಪನೋರೇ!”

ಈ ಸಲ ಊರಿಗೆಲ್ಲ ಕೇಳಿಸಿತು. ಮುನಿಗಂಗಪ್ಪನವರು ಹೊಸ ಪಂಚೆ ಸರಿಮಾಡಿಕೊಂಡು, “ಬಂದೆ,” ಎಂದರು.