ಮಾ ದೊಕ್‌ಪಿಲ್‌ನ ಬೆನ್ನು

ಆಗಸ್ಟಿನ ಧಗೆಗೆ ಕೊರಿಯಾದ ಮಾಸಾನ್ ಬಂದರಿನ ನಾಯಿಗಳೂ ಐಸ್ ಪೆಟ್ಟಿಗೆಗಳ ಸಂದಿಯಲ್ಲಿ ನಾಲಿಗೆ ಚಾಚಿ ಮಲಗುವ ಹೊತ್ತಿನಲ್ಲಿ, ಕುತ್ತಿಗೆಯ ಕೊನೆಯ ಗುಂಡಿಯವರೆಗೂ ಬಿಗಿದ ತುಂಬುತೋಳಿನ ಬಿಳಿ ಅಂಗಿಯಲ್ಲಿ, ಕಾಣದ ಯಾವುದೋ ಬಾಗಿಲನ್ನು ಎಡಭುಜದಿಂದ ನೂಕುತ್ತಿರುವವನಂತೆ ಓರೆಯಾಗಿ, ಅವಸರವೇ ಇಲ್ಲದೆ ನಡೆದುಬರುತ್ತಿದ್ದವನು ಮಾ ದೊಕ್‌ಪಿಲ್. ಮೀನು ಹರಾಜಿನ ಕಟ್ಟೆ ಅವನ ಮುಷ್ಟಿಯಲ್ಲಿತ್ತು. ಅವನ ಕಡೆಯವರು ಸೊಂಟ ಬಗ್ಗಿಸಿ ವಂದಿಸುವುದನ್ನು ಕಂಡರೆ ಏಡಿ ಮಾರುವ ಹೆಂಗಸರ ಬಾಯಿಯೂ ಬಂದ್. ಏನು ಕೇಳಿದರೂ ಅವನ ಬಾಯಲ್ಲಿ ಮೊದಲು ಬರುತ್ತಿದ್ದದ್ದು "ಅದಿರ್ಲಿ". ಊಟವಾಯಿತೇ ಎಂದರೂ ಅದಿರ್ಲಿ, ಪೊಲೀಸರು ಹುಡುಕುತ್ತಿದ್ದಾರಲ್ಲೋ ಎಂದರೂ ಅದಿರ್ಲಿ.

ಆ ಅಂಗಿಯ ಕೆಳಗೆ, ಕತ್ತಿನಿಂದ ಸೊಂಟದವರೆಗೆ, ಬಿದಿರುಮೆಳೆಯಿಂದ ಇಳಿದುಬರುವ ಒಂದು ಹಚ್ಚೆಯ ಹುಲಿಯಿತ್ತು. ರೌಡಿಗಳ ಗುಂಪಿಗೆ ಸೇರಿದ ಹೊಸದರಲ್ಲಿ, ಹತ್ತೊಂಬತ್ತರ ಹುಚ್ಚಿನಲ್ಲಿ, ಯಾವನೋ ಕುಡುಕನ ಸೂಜಿಯಿಂದ ಚುಚ್ಚಿಸಿಕೊಂಡದ್ದು. ಗೆರೆಗಳೆಲ್ಲ ಮಾಸಿದ ಗಾಯದಂತೆ ಉಬ್ಬಿಕೊಂಡಿದ್ದವು. ಊರಿಗೆಲ್ಲ ತಿಳಿದಿದ್ದ ಈ ಗುಟ್ಟು ತಿಳಿಯಬಾರದಿದ್ದದ್ದು ಅವನ ತಂದೆಗೆ ಮಾತ್ರ. ದೋಣಿ ಕಟ್ಟುವ ಬಡಗಿಯಾಗಿದ್ದ ಆ ಮುದುಕ ಒಮ್ಮೆ ನಾನು ನಡೆಸುತ್ತಿದ್ದ ಸಾರ್ವಜನಿಕ ಸ್ನಾನದ ಮನೆಯಲ್ಲಿ ಎಲ್ಲರೆದುರು ಗುಡುಗಿದ್ದ: "ಹೆತ್ತವರು ಕೊಟ್ಟ ಚರ್ಮದ ಮೇಲೆ ಗೀಚಿಸ್ಕೊಂಡೋನು ಮಗನೇನ್ರೀ? ನನ್ನ ಮಗ ಅಂಥ ಕೆಲ್ಸ ಮಾಡಿದ್ರೆ, ನಾನು ಸತ್ತಾಗ ಅವನು ತೋಳಿಗೆ ಪಟ್ಟಿ ಕಟ್ಕೊಂಡು ನಿಲ್ಲೋದು ಬೇಡ." ತಂದೆಯ ಸಾವಿನಲ್ಲಿ ಶೋಕದ ಪಟ್ಟಿ ಕಟ್ಟಿಕೊಂಡು ಬಂದವರಿಗೆ ತಲೆಬಾಗಲಾಗದ ಒಬ್ಬನೇ ಮಗನಿಗೆ ನಮ್ಮಲ್ಲಿ ಉಳಿಯುವುದಾದರೂ ಏನು? ಅಂದಿನಿಂದ ದೊಕ್‌ಪಿಲ್ ಅಪ್ಪನೆದುರು ಅಂಗಿ ಕಳಚಲಿಲ್ಲ.

ನಾನು ಮೂವತ್ತು ವರ್ಷ ಸ್ನಾನದ ಮನೆ ನಡೆಸಿದವನು. ಭಾನುವಾರ ಮಗ ಅಪ್ಪನ ಬೆನ್ನುಜ್ಜುವುದು, ಆಮೇಲೆ ಅಪ್ಪ ಮಗನದನ್ನು ಉಜ್ಜುವುದು. ನಮ್ಮ ಗಂಡಸರ ಪ್ರೀತಿಯ ಮಾತೆಲ್ಲ ಇಷ್ಟರಲ್ಲೇ ಮುಗಿಯುತ್ತದೆ. ದೊಕ್‌ಪಿಲ್‌ನ ಅಪ್ಪನ ಜೊತೆ ಹದಿನೆಂಟು ವರ್ಷ ತಪ್ಪದೆ ಬಂದವನು ಮಗನ ಬಾಲ್ಯದ ಗೆಳೆಯ ಪ್ಯೋ ಇನ್‌ಗು, ಮೀನಿನ ಲಾರಿ ಓಡಿಸುವ ತಬ್ಬಲಿ. "ನಿಮ್ಮ ಮಗನಿಗೆ ಭಾನುವಾರಾನೂ ಬಿಡುವಿಲ್ಲ ಅಪ್ಪಾಜಿ" ಎಂಬ ಒಂದೇ ಸುಳ್ಳನ್ನು ಅವನು ಸೋಪಿನ ಜೊತೆ ಪ್ರತಿವಾರ ತರುತ್ತಿದ್ದ.

"ಏನೋ, ಅಪ್ಪನ್ನ ಬಾಡಿಗೆಗೆ ತಗೊಂಡಿದ್ದೀಯಾ?" ಎಂದು ನಾನು ರೇಗಿಸಿದರೆ, "ಬಾಡಿಗೆ ಎಲ್ಲಿ ಬಂತು ಮಾರಾಯ, ಪುಕ್ಕಟೆ ಸಿಕ್ಕಿದ್ದಾರೆ" ಎಂದು ನಗುತ್ತಿದ್ದ.

ಒಂದು ವಸಂತದಲ್ಲಿ ಹರಾಜುಕಟ್ಟೆಯ ಹೊಡೆದಾಟದಲ್ಲಿ ದೊಕ್‌ಪಿಲ್ ಒಬ್ಬನ ಎರಡೂ ಕಾಲು ಮುರಿದ. ಪೊಲೀಸರು ಬಂದಾಗ ಮುಂದೆ ನಿಂತು "ನಾನೇ" ಎಂದವನು ಇನ್‌ಗು. "ನೀನು ಒಳಗೆ ಹೋದ್ರೆ ಅಪ್ಪಾಜಿಗೆ ಎಲ್ಲ ಗೊತ್ತಾಗತ್ತೆ ಕಣೋ" ಎಂದು ಗೆಳೆಯನ ಕಿವಿಯಲ್ಲಿ ಪಿಸುಗುಟ್ಟಿ ಜೀಪು ಹತ್ತಿದ. ದೊಕ್‌ಪಿಲ್ ತುಟಿ ಬಿಚ್ಚಲಿಲ್ಲ. ನನಗೆ ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಥೂ, ಎದುರಿಗೆ ಬಂದರೂ ಮುಖ ತಿರುಗಿಸುತ್ತಿದ್ದೆ.

ಅಂಥವನು ಒಂದು ಮಧ್ಯಾಹ್ನ ಅಪ್ಪನ ಕೈಹಿಡಿದು ನನ್ನ ಬಾಗಿಲಲ್ಲಿ ನಿಂತ. ಮುದುಕನ ಕಣ್ಣುಗಳಿಗೆ ಆಗಲೇ ಪೊರೆ ಬಂದು ಏನೂ ಕಾಣದಂತಾಗಿತ್ತು, ಇನ್‌ಗು ಇರಲಿಲ್ಲ, ಪರರ ಕೈ ಮೈಗೆ ತಾಗಿಸಿಕೊಳ್ಳುವ ಜಾಯಮಾನ ಅವನದಲ್ಲ. "ಅಣ್ಣ, ಒಂದು ಗಂಟೆ ಬಾಗಿಲು ಹಾಕ್ಕೊಡು" ಎಂದ ದೊಕ್‌ಪಿಲ್. ಕುರುಡನ ಮುಂದೆ ಹುಲಿಯ ಭಯವೇನು ಎಂದು ಅವನ ಲೆಕ್ಕಾಚಾರ. ಮುದುಕನ ಮುಖ ನೋಡಿ ಒಪ್ಪಿದೆ.

ಎತ್ತರದ ಗಾಜಿನಿಂದಿಳಿದ ಬಿಸಿಲು ಹಬೆಯಲ್ಲಿ ಕರಗಿ, ನೀರಾವುದು ಬೆಳಕಾವುದು ಎಂದು ತಿಳಿಯದಂತಿದ್ದ ಆ ಹೊತ್ತಿನಲ್ಲಿ, ಮಗ ತಂದೆಯ ಬೆನ್ನನ್ನು ಮೆಲ್ಲಮೆಲ್ಲನೆ ಉಜ್ಜುತ್ತಿದ್ದದ್ದು ನನಗೆ ಇಂದಿಗೂ ಕನಸಿನಲ್ಲಿ ಕಂಡಂತಿದೆ. ಮುಗಿದ ಮೇಲೆ ಮುದುಕ ಉಜ್ಜುವ ಬಟ್ಟೆ ಕಸಿದುಕೊಂಡು ಹೇಳಿದ: "ಈಗ ನೀನು ತಿರುಗು."

ಉಜ್ಜಿದವನು ಉಜ್ಜಿಸಿಕೊಳ್ಳಲೂಬೇಕೆಂಬುದು ಹದಿನೆಂಟು ವರ್ಷ ನನ್ನ ಮೆಟ್ಟಿಲು ಹತ್ತದವನಿಗೆ ಮರೆತೇಹೋಗಿತ್ತು.

"ಅದಿರ್ಲಿ ಅಪ್ಪ, ನಂದು..."

"ತಿರುಗೋ ಅಂದೆ."

ಹಲಗೆಯನ್ನು ಸವರಿಯೇ ಅದು ಯಾವ ಮರವೆಂದು ಹೇಳುತ್ತಿದ್ದ ಬೆರಳುಗಳು ಅವು. ಕತ್ತಿನ ಬುಡದಿಂದ ಇಳಿದವು, ಬಿದಿರಿನ ಗೆಣ್ಣುಗಳನ್ನು ದಾಟಿದವು, ಹುಲಿಯ ಬೆನ್ನ ಮೇಲೆ ನಿಂತವು. ಮೂಲೆಯಲ್ಲಿ ನೀರು ತುಂಬಿಸುತ್ತಿದ್ದ ನಾನು ನಲ್ಲಿ ನಿಲ್ಲಿಸಿದೆ.

"ಜೋರಾಗಿ ಉಜ್ಜಿದ್ರೆ ಹೋಗತ್ತೇನೋ?" ಎಂದ ಮುದುಕ.

"ಇಲ್ಲಪ್ಪ."

"ಹಂಗಾದ್ರೆ ಸುಮ್ನೆ ಕೂತ್ಕೋ. ಕೊಳೆಯಾದ್ರೂ ಹೋಗ್ಲಿ."

ಬಹಳ ಹೊತ್ತು ಉಜ್ಜಿದ. ಕೊನೆಯ ತಂಬಿಗೆ ಸುರಿಯುತ್ತ ಅಷ್ಟೇ ಸಮಾಧಾನದಿಂದ ಕೇಳಿದ: "ಅಲ್ಲಿ ಜೈಲಲ್ಲಿ ನಮ್ಮ ಇನ್‌ಗು ಬೆನ್ನು ಯಾರೋ ಉಜ್ತಾರೆ?"

ಮಾರನೆಯ ಬೆಳಿಗ್ಗೆ ದೊಕ್‌ಪಿಲ್ ತಾನಾಗಿ ಠಾಣೆಗೆ ನಡೆದ. ನಾಲ್ಕು ವರ್ಷ ಶಿಕ್ಷೆಯಾಯಿತು. ಹೊರಬಂದ ಇನ್‌ಗು ಭಾನುವಾರಗಳನ್ನು ಬಿಟ್ಟಲ್ಲಿಂದ ಹಿಡಿದುಕೊಂಡ. ಸುಳ್ಳು ಹೇಳುವ ಕೆಲಸವೊಂದು ತಪ್ಪಿತ್ತು.

ಎರಡನೆಯ ಚಳಿಗಾಲದಲ್ಲಿ ಮುದುಕ ಹೋದ. ಜೈಲಿನವರು ಐದು ದಿನದ ರಜೆ ಕೊಟ್ಟರು. ಆಸ್ಪತ್ರೆಯ ಶೋಕದ ಕೋಣೆಯ ಹೊಸ್ತಿಲವರೆಗೆ ಬಂದ ದೊಕ್‌ಪಿಲ್ ಒಳಗೆ ಕಾಲಿಡಲಾರದೆ ನಿಂತುಬಿಟ್ಟ. "ನಾನು ಬೇಡ ಅಂದಿದ್ರು ಕಣೋ" ಎಂದ ಗೆಳೆಯನಿಗೆ.

ಇನ್‌ಗು ಜೇಬಿನಿಂದ ಪಟ್ಟಿ ತೆಗೆದ. "ಸಾಯೋ ಮುಂಚೆ ನನಗೆ ಏನಂದ್ರು ಗೊತ್ತಾ? 'ಪಟ್ಟಿ ನೀನು ಕಟ್ಕೋಬೇಡ, ಅವನು ಬರ್ತಾನೆ, ಅವನಿಗೇ ಕಟ್ಟು. ತಡವಾಗಿ ಬಂದ್ರೆ ನಾಲ್ಕು ಬೈಯಿ' ಅಂದ್ರು. ತಡವಾಗೇ ಬಂದಿದ್ದೀಯಲ್ಲೋ ಕತ್ತೆ. ತೋಳು ಚಾಚು."

ದೊಕ್‌ಪಿಲ್ ಹೊಸ್ತಿಲ ಮೇಲೆಯೇ ಕುಸಿದು ಕುಳಿತು ಅತ್ತ. ನನಗೂ ತಡೆಯಲಾಗಲಿಲ್ಲ.

ಊರನ್ನೆಲ್ಲ ಹೆದರಿಸಿ ಬಾಳುವ ಈ ಜಾತಿಯ ಗಂಡಸರನ್ನು ಬಂದರಿನಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ. ತಾವು ಹೆದರುವ ಒಬ್ಬ ಮುದುಕ ಮನೆಯಲ್ಲಿರುವವರೆಗೆ ಅವರೊಳಗೆ ಒಬ್ಬ ಮಗ ಬದುಕಿರುತ್ತಾನೆ. ಆ ಮುದುಕ ಎಲ್ಲವನ್ನೂ ತಿಳಿದು, ಹೊಟ್ಟೆಗೆ ಹಾಕಿಕೊಂಡು, ಕಣ್ಣು ಮುಚ್ಚಿದ ಮೇಲೆ, ಪಾಪ, ಅವರಿಗೆ ಇನ್ನು ಯಾರ ಭಯ?