ಕಲ್ಲತ್ತಿಗಿರಿಯ ಇಳಿಜಾರು

ಬೆಟ್ಟ ಇಳಿಯುತ್ತ, ಕಲ್ಲತ್ತಿಗಿರಿ ಜಲಪಾತಕ್ಕೆ ಇನ್ನು ಕೆಲವೇ ತಿರುವುಗಳಿವೆ ಎನ್ನುವಾಗ ಪ್ರವಾಸಿ ಹುಡುಗನೊಬ್ಬ ವಾಂತಿ ಮಾಡಿಕೊಂಡ. ಜೀಪಿನ ಹಿಂಭಾಗ ತೆರೆದೇ ಇತ್ತು, ಅವನ ಕೈಯಲ್ಲಿ ಖಾಲಿ ಚಿಪ್ಸ್ ಪೊಟ್ಟಣವೂ ಇತ್ತು. ಅವೆಲ್ಲವನ್ನೂ ಬಿಟ್ಟು ಆ ಪುಣ್ಯಾತ್ಮ ಆರಿಸಿಕೊಂಡದ್ದು ಎದುರು ಸೀಟಿನಲ್ಲಿ ಕೂತಿದ್ದ ಭುವನಾಳ ಎಡಮಂಡಿಯನ್ನು.

ಮಂಡಿಗೆ ಬಿಗಿದಿದ್ದ ಕಪ್ಪು ಪಟ್ಟಿ, ಕಾಲುಚೀಲ, ಬೂಟು, ಎಲ್ಲಕ್ಕೂ ಅಭಿಷೇಕವಾಯಿತು. ಬಿಯರು, ಕಬಾಬು, ಬೆಳಿಗ್ಗೆ ತಿಂದ ಪುಳಿಯೋಗರೆ, ಒಂದೊಂದೂ ಬೇರೆಯಾಗಿ ಗುರುತು ಸಿಗುವಷ್ಟು ನಾರುತ್ತಿತ್ತು. "ಸಾರಿ ಆಂಟಿ" ಎಂದು ಅವನು ಬಾಯೊರೆಸಿಕೊಂಡ. ಜೊತೆಗಿದ್ದ ಗೆಳೆಯರು ನಕ್ಕರು. ಒಬ್ಬ ಮೊಬೈಲು ಹಿಡಿದ.

ಭುವನಾ ಅಜ್ಜಂಪುರದ ಹೈಸ್ಕೂಲೊಂದರಲ್ಲಿ ಪಿಟಿ ಟೀಚರು. ದೂರದ ಓಟ ಅವಳ ಹುಚ್ಚು. ಆ ಹುಚ್ಚಿಗೆ ಎಡಮಂಡಿ ಮೂರು ಸಲ ಕೈಕೊಟ್ಟಿತ್ತು. ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಕಾರ್ಟಿಲೇಜ್ ಹರಿದಿದೆ ಎಂದು ಸ್ಕ್ಯಾನಿನಲ್ಲಿ ಬಂತು. ಅಲ್ಲಿಂದ ಕಂಡಕಂಡವರೆಲ್ಲ ಡಾಕ್ಟರಾದರು. ಎಕ್ಕದ ಎಲೆ ಕಟ್ಟು ಎಂದರು, ಹರಳೆಣ್ಣೆ ತಿಕ್ಕು ಎಂದರು, ಹೆಂಗಸಿಗೆ ಈ ಓಟ ಯಾಕೆ ಬೇಕಿತ್ತು ಎಂದೂ ಕೇಳಿದರು. ತಾಯಿ ಯಲ್ಲಮ್ಮ ಚೌಳಹಿರಿಯೂರಿನಿಂದ ವಾರವಾರವೂ ಕುರಿಕಾಲು ಹೊತ್ತು ತಂದು ಸೂಪು ಕಾಯಿಸಿದಳು. ತಣ್ಣಗಾದರೆ ಲೋಟದೊಳಗೆ ಗೋಂದಿನ ಹಾಗೆ ನಡುಗುವ ಅದನ್ನು ಭುವನಾ ಮೂಗು ಹಿಡಿದು ಕುಡಿದಳು.

ಇದ್ದದ್ದನ್ನು ಇದ್ದಹಾಗೆ ಹೇಳಿದವನು ಶಿವಮೊಗ್ಗದ ಫಿಸಿಯೋ ಕಾಂತರಾಜ್ ಒಬ್ಬನೇ. ಬೆಟ್ಟ ಹತ್ತಬಹುದು, ಇಳಿಯಬಾರದು. ಇಳಿಯುವಾಗ ಮೈಭಾರವೆಲ್ಲ ಮಂಡಿಯ ಮೇಲೆಯೇ ಬೀಳುತ್ತದೆ. ಇನ್ನೊಂದು ಸಲ ಊದಿಕೊಂಡರೆ ಆಪರೇಷನ್ನು, ಆಮೇಲೆ ಓಟದ ಮಾತೇ ಎತ್ತಬೇಡಿ ಎಂದಿದ್ದ. ಹಾಗಾಗಿ ಅವಳು ಬರೀ ಹತ್ತುವ ಓಟವೊಂದಕ್ಕೆ ಹೆಸರು ಕೊಟ್ಟಿದ್ದಳು. ಅದರಲ್ಲಿ ತುದಿ ಮುಟ್ಟಿದವರನ್ನು ಬಸ್ಸಿನಲ್ಲಿ ಕೆಳಗೆ ತರುತ್ತಾರೆ. ಅವಳ ಪಾಲಿಗೆ ಉಳಿದಿದ್ದ ಓಟ ಅದೊಂದೇ, ಅದೂ ಮುಂದಿನ ತಿಂಗಳೇ ಇತ್ತು. ಭಾನುವಾರ ಬಂದರೆ ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಓಡಿ ಹತ್ತುತ್ತಿದ್ದಳು, ಹಾಲೇಶನ ಜೀಪಿನಲ್ಲಿ ಇಳಿಯುತ್ತಿದ್ದಳು. ಹಾಲೇಶ ತವರೂರಿನ ಹುಡುಗ. ಪ್ರವಾಸಿಗರಿಗೆ ಹೆಬ್ಬೆ ಜಲಪಾತ ತೋರಿಸಿ ಕರೆತರುವಾಗ ಅವಳಿಗೊಂದು ಜಾಗ ಕೊಡುತ್ತಿದ್ದ. ಬಾಡಿಗೆ ಕೊಡಹೋದರೆ ಬೈಯುತ್ತಿದ್ದ.

ಈಗ ಅವನು ಜೀಪು ನಿಲ್ಲಿಸಿ ಹಿಂದಕ್ಕೆ ಬಂದ. ಮೊದಲು ಆ ಹುಡುಗನಿಗೆ ನೀರಿನ ಬಾಟಲಿ ಕೊಟ್ಟ, ಬೆನ್ನು ನೀವಿದ. ಆಮೇಲೆ ಜೀಪು ಒರೆಸುವ ಎಣ್ಣೆಬಟ್ಟೆಯೊಂದನ್ನು ಭುವನಾಳ ಕಡೆ ಎಸೆದ. ಮೊಬೈಲು ಹಿಡಿದವನು ಇನ್ನೂ ಕೆಳಗಿಳಿಸಿರಲಿಲ್ಲ.

"ಬೆಟ್ಟ ಓಡ್ಕೊಂಡ್ ಹತ್ತಿದ್ರಂತೆ, ಇಳಿಯೋಕಾಗಲ್ವಾ ಆಂಟಿ?" ಎಂದ ಅವನು.

ಭುವನಾ ಹಾಲೇಶನ ಮುಖ ನೋಡಿದಳು. ಮಾತಾಡಲಿ ಎಂದು ಕಾದಳು. ಅವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅಕ್ಕ, ನೀವಾದ್ರೆ ನಮ್ಮೋರು, ಅಡ್ಜಸ್ಟ್ ಮಾಡ್ಕತೀರ. ಅವ್ರು ದುಡ್ ಕೊಟ್ ಬಂದೋರು" ಎಂದ.

ವಾಂತಿಗಿಂತ ಆ ಮಾತೇ ಅವಳಿಗೆ ಹೇಸಿಗೆಯೆನಿಸಿತು. ಎಣ್ಣೆಬಟ್ಟೆಯನ್ನು ಸೀಟಿನ ಮೇಲೆಯೇ ಬಿಟ್ಟು ಇಳಿದಳು. ಹಾಲೇಶ ಎರಡು ಸಲ ಕರೆದ. ಅವಳು ತಿರುಗಲಿಲ್ಲ. ಜೀಪು ಹೊರಟುಹೋಯಿತು.

ರಸ್ತೆಬದಿಯ ಝರಿಯೊಂದರಲ್ಲಿ ಕಾಲು, ಪಟ್ಟಿ ಎರಡನ್ನೂ ತೊಳೆದಳು. ಆ ಝರಿಯಲ್ಲೂ ಮಗುವಿನ ಡೈಪರು ಒಂದು ತೇಲುತ್ತಿತ್ತು. ಒದ್ದೆ ಪಟ್ಟಿಯನ್ನೇ ಬಿಗಿದುಕೊಂಡು ನಡೆಯತೊಡಗಿದಳು. ಹತ್ತಾರು ಹೆಜ್ಜೆಗೆ ಮಂಡಿಯೊಳಗೆ ಕಟಕ್ ಎಂದಿತು. ಚಿಪ್ಪಿನ ಅಡಿಯಲ್ಲಿ ಯಾರೋ ಉಗುರು ಹಾಕಿ ಕೆರೆದಂತಾಯಿತು. ನಿಂತಳು, ಮತ್ತೆ ಇಟ್ಟಳು, ಮತ್ತೆ ಕಟಕ್. ಕಾಲು ಅಡ್ಡ ಹಾಕಿ ನಡೆದು ನೋಡಿದಳು, ನೋವು ಅದಕ್ಕೂ ಬಗ್ಗಲಿಲ್ಲ.

ಇಷ್ಟಕ್ಕೆಲ್ಲ ಕಾರಣ ತನ್ನ ಮೂಗಿನ ತುದಿಯ ಕೋಪ. ಸುಮ್ಮನೆ ಒರೆಸಿಕೊಂಡು ಕೂತಿದ್ದರೆ ಆಗುತ್ತಿತ್ತು. ಹೋದ ಸಲ ಸಿರಿಂಜಿನಲ್ಲಿ ಮಂಡಿಯೊಳಗಿನ ಹಳದಿ ನೀರು ಎಳೆದು, ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತೋರಿಸಿದ್ದು ನೆನಪಾಯಿತು. ಆ ಹುಡುಗರ ಮೇಲೆ, ಹಾಲೇಶನ ಮೇಲೆ ಇದ್ದ ಹೇಸಿಗೆಯೆಲ್ಲ ಈಗ ಮಂಡಿಯ ಮೇಲೆ ತಿರುಗಿತು. ಉಣಿಸಿ, ತಿಕ್ಕಿ, ಕಟ್ಟಿ, ಮುದ್ದು ಮಾಡಿ ಸಾಕಿದರೂ ಸಮಯಕ್ಕೆ ಆಗದ ದರಿದ್ರ ಮಂಡಿ. ಕಿತ್ತು ಕಣಿವೆಗೆ ಎಸೆಯಬೇಕೆನಿಸಿತು.

ಮೇಲಿನಿಂದ ಬಸ್ಸೇನಾದರೂ ಬರುತ್ತಿದೆಯೇ ಎಂದು ಹಿಂದಕ್ಕೆ ತಿರುಗಿ ನೋಡಿದಳು. ಬಸ್ಸಿಲ್ಲ. ಎರಡು ಬೈಕು ಭರ್ರೆಂದು ನುಗ್ಗಿ ಬಂದವು. ಅವಕ್ಕೆ ದಾರಿ ಬಿಡಲು ಮೇಲ್ಮುಖವಾಗಿಯೇ ನಿಂತು ಹಿಂದಕ್ಕೆ ಸರಿದಳು. ಎಡಗಾಲು ಇಳಿಜಾರಿಗೆ ಇಳಿಯಿತು, ಭಾರವೂ ಬಿತ್ತು. ಕಟಕ್ ಎನ್ನಲಿಲ್ಲ.

ನಂಬಿಕೆ ಬರಲಿಲ್ಲ. ಮತ್ತೊಂದು ಹೆಜ್ಜೆ ಹಿಂದಕ್ಕಿಟ್ಟಳು. ಮೊದಲು ಬೆರಳು, ಆಮೇಲೆ ಹಿಮ್ಮಡಿ. ತೊಡೆ ಬಿಗಿಯಿತು, ಮಂಡಿ ಸುಮ್ಮನಿತ್ತು. ತಡೆಗೋಡೆಯ ಕಲ್ಲುಗಳನ್ನು ಒಂದು ಕೈಯಲ್ಲಿ ಸವರುತ್ತ, ಬೆಟ್ಟಕ್ಕೆ ಮುಖ ಮಾಡಿಕೊಂಡೇ ಒಂದು ತಿರುವು ಇಳಿದಳು. ಕಾರಿನ ಕಿಟಕಿಯಿಂದ ಮಕ್ಕಳು ಬೆರಳು ತೋರಿಸಿ ಕೂಗಿದವು. ಕೂಗಿಕೊಳ್ಳಲಿ ಎಂದುಕೊಂಡಳು. ಆದರೂ ಕಿವಿ ಬಿಸಿಯಾಯಿತು.

ಕೆಳಗಿನಿಂದ ಹಾಲೇಶನ ಜೀಪು ಬಂತು. ಹುಡುಗರನ್ನು ಕಲ್ಲತ್ತಿಗಿರಿಯಲ್ಲಿ ಇಳಿಸಿ ಬಂದಿದ್ದ. ಅವಳು ಹಿಂದಕ್ಕೆ ನಡೆಯುತ್ತಿರುವುದನ್ನು ಕಂಡು ಜೀಪು ನಿಲ್ಲಿಸಿದ.

"ಸೀಟ್ ತೊಳ್ದಿದೀನಿ ಅಕ್ಕ. ಹತ್ಕಳಿ."

"ಅವ್ರನ್ನೇ ಕೂರ್ಸ್ಕೋ. ದುಡ್ ಕೊಟ್ ಬಂದೋರು."

ಹಾಲೇಶ ಸ್ಟೇರಿಂಗು ನೋಡುತ್ತ, ಇವತ್ತು ಕಲ್ಲತ್ತೀಲಿ ಜಾತ್ರೆಯಂಗೆ ಜನ, ಆ ಹುಡುಗ್ರೂ ಅಲ್ಲೇ ಅವ್ರೆ ಎಂದ. ಅದು ಅವಳಿಗೂ ಗೊತ್ತಿತ್ತು. ಅವಳ ಶಾಲೆಯ ಮಕ್ಕಳೂ ಅಪ್ಪ ಅಮ್ಮನ ಜೊತೆ ನೀರಾಡಲು ಬರುವ ಜಾಗ ಅದು.

"ಹಿಂಗ್ ಬಂದ್ರೆ ನಗ್ತಾರೆ ಅಕ್ಕ."

"ಮಂಡಿ ಊದ್ಕೊಂಡ್ರೆ ಅಳೋಳು ನಾನೊಬ್ಳೇ ಕಣೋ."

ಅವನು ಜೀಪನ್ನು ಮೇಲೆ ಒಯ್ದು ತಿರುಗಿಸಿಕೊಂಡು ಬಂದ. ಅವಳನ್ನು ದಾಟಿ ಹೋಗಲಿಲ್ಲ. ಮೇಲಿನಿಂದ ಬರುವ ಬಂಡಿಗಳು ಅವಳಿಗೆ ತಾಗದಂತೆ ಅಡ್ಡವಾಗಿ, ಅವಳಿಗಿಂತ ನಾಲ್ಕು ಮಾರು ಮೇಲೆ, ಮೊದಲನೇ ಗೇರಿನಲ್ಲಿ ಇಳಿಸತೊಡಗಿದ. ಹಾಗಾಗಿ ದಾರಿಯುದ್ದಕ್ಕೂ ಅವಳ ಕಣ್ಣಿಗೆ ಕಾಣುತ್ತಿದ್ದದ್ದು ಗಾಜಿನ ಹಿಂದಿನ ಅವನ ಮುಖ. ಅವನು ಅವಳನ್ನು ನೋಡಲಾರದೆ ರಸ್ತೆಯ ಅಂಚು ನೋಡುತ್ತಿದ್ದ. ನೋಡದಿದ್ದರೆ ಬಿಡಲಿ, ಅವಳಿಗೇನೂ ಕನಿಕರ ಬರಲಿಲ್ಲ.

ಮೆಣಸಿನಕಾಯಿ ಬೋಂಡದ ಎಣ್ಣೆ ವಾಸನೆ ಬಂತು. ನೀರಿನ ಸದ್ದು, ಹೆಂಗಸರ ಕಿರುಚಾಟ, ಯಾರದೋ ಸ್ಪೀಕರ್ ಪೆಟ್ಟಿಗೆಯ ಹಾಡು ಬೆನ್ನಿಗೆ ತಾಕಿದವು. ಆಮೇಲೆ ಹಾಡು ಥಟ್ಟನೆ ನಿಂತಿತು. "ಲೇ, ನೋಡ್ರೋ, ಆಂಟಿ ರಿವರ್ಸ್‌ನಲ್ಲಿ ಬತ್ತಾವ್ರೆ" ಎಂದ ದನಿ ಅವಳಿಗೆ ಗುರುತು ಸಿಕ್ಕಿತು. ನಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಿತು. ಎಷ್ಟು ಜನ, ಯಾರು ಯಾರು ಎಂದು ಅವಳಿಗೆ ಕಾಣುತ್ತಿರಲಿಲ್ಲ. ಹಾಲೇಶನಿಗೆ ಕಾಣುತ್ತಿತ್ತು, ಅವನ ಮುಖ ಕಪ್ಪಿಟ್ಟಿತು.

ಅವನು ಹಾರನ್ ಒತ್ತಲು ಕೈಯೆತ್ತಿದ. ಭುವನಾ ಬೇಡವೆಂದು ತಲೆಯಾಡಿಸಿ, ಎಡಗಾಲನ್ನು ಹಿಂದಕ್ಕಿಟ್ಟಳು.